ಪ್ರವರ್ತಕರ ಮಗನ ಕಂಪನಿಗೆ ಸಾಲ ಕೊಡೋ ನಿರ್ಣಯ: ಸಣ್ಣ ಷೇರುದಾರರು ವೋಟ್ ಹಾಕಿದ್ರೆ ಏನಾದ್ರೂ ಆಗುತ್ತಾ?

ಮೂಡಿಗೆರೆ_ತೋಟ
ಎಲ್ಲರಿಗೂ ನಮಸ್ಕಾರ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ರೇಟು ಏರಿತಲ್ಲ, ಆ ದುಡ್ಡಲ್ಲಿ ನಮ್ಮ ಕಡೆ ಎಷ್ಟೋ ಮನೆಯವರು ಷೇರು ತಗೊಂಡರು. ಅಪ್ಪನೂ ತಗೊಂಡಿದ್ರು. ಅದರಲ್ಲೊಂದು ಕಂಪನಿ ಇವತ್ತಿಗೂ ಲಿಸ್ಟೆಡ್. ಹೆಸರು ಇಲ್ಲಿ ಬೇಡ. ಷೇರು ಈಗ ನನ್ನ ಡಿಮ್ಯಾಟ್‌ನಲ್ಲಿವೆ.

ಎಜಿಎಂ, ಅಂದ್ರೆ ಷೇರುದಾರರ ವಾರ್ಷಿಕ ಸಭೆಯ ನೋಟಿಸ್ ಬಂದಿದೆ. ಪ್ರವರ್ತಕರ, ಅಂದ್ರೆ ಕಂಪನಿ ಹುಟ್ಟುಹಾಕಿ ಹಿಡಿತದಲ್ಲಿ ಇಟ್ಕೊಂಡಿರೋರ, ಮಗನ ಖಾಸಗಿ ಕಂಪನಿಗೆ ಸಾಲ ಕೊಡೋದಕ್ಕೂ ಅದರಿಂದಲೇ ಮಾಲು ಕೊಳ್ಳೋದಕ್ಕೂ ಒಪ್ಪಿಗೆ ಬೇಕಂತೆ. ನಮ್ಮ ಕಂಪನಿಗೆ ಅಧ್ಯಕ್ಷರೂ ಪ್ರವರ್ತಕರೇ, ಎಂಡಿನೂ ಅವರೇ. ಇನ್ನೂ ಐದು ವರ್ಷ ಅವರೇ ಇರಬೇಕು, ಸಂಬಳ ಜಾಸ್ತಿ ಆಗಬೇಕು ಅಂತ ಇನ್ನೊಂದು ನಿರ್ಣಯ. ಮೂರನೇದು ಸ್ವತಂತ್ರ ನಿರ್ದೇಶಕರೊಬ್ಬರ, ಅಂದ್ರೆ ಪ್ರವರ್ತಕರ ಹಂಗಿಲ್ಲದೆ ಬೋರ್ಡಲ್ಲಿ ಕೂರಬೇಕಾದವರೊಬ್ಬರ, ಎರಡನೇ ಅವಧಿ. ಅವರು ಪ್ರವರ್ತಕರ ಹಳೇ ಸ್ನೇಹಿತರು ಅನ್ನೋದು ಗೊತ್ತಿರೋ ವಿಷಯವೇ.

ಪ್ರವರ್ತಕರ ಹತ್ತಿರ 58% ಇದೆ. ಅಪ್ಪ ಹೇಳೋದು, ಇಷ್ಟು ವರ್ಷ ತಪ್ಪದೆ ಡಿವಿಡೆಂಡ್ ಕೊಟ್ಟಿದ್ದಾರೆ, ಉಂಡ ಮನೆಯ ಜಂತೆ ಎಣಿಸಬಾರದು ಅಂತ. ನನಗೆ ಮನಸ್ಸು ಒಪ್ತಿಲ್ಲ. ತಿಳಿದವರು ಹೇಳಿ, ವೋಟ್ ಹಾಕಿ ಉಪಯೋಗ ಇದೆಯಾ?

ಐಜಿ_ರೋಡ್
58% ಇಟ್ಕೊಂಡಿರೋರ ಮುಂದೆ ನಿಮ್ಮ ಷೇರು ಯಾವ ಲೆಕ್ಕ? ನಂಬಿಕೆ ಇಲ್ಲ ಅಂದ್ರೆ ಮಾರಿ ಹೊರಗೆ ಬನ್ನಿ. ಸಣ್ಣೋರಿಗೆ ಇರೋ ವೋಟ್ ಅದೊಂದೇ.

ಹಾಸನದ_ಸಿಎಸ್
ಐಜಿ ರೋಡ್ ಅವರೇ, ಮೊದಲ ನಿರ್ಣಯದ ಮಟ್ಟಿಗೆ ನೀವು ಹೇಳಿದ್ದು ಸರಿಯಲ್ಲ. ನಾನು ಬೆಂಗಳೂರಲ್ಲಿ ಒಂದು ಲಿಸ್ಟೆಡ್ ಕಂಪನಿಯ ಕಂಪನಿ ಸೆಕ್ರೆಟರಿ, ದಿನಾ ಇದರಲ್ಲೇ ಇರೋನು.

ಸಂಬಂಧಿತರ ಜೊತೆಗಿನ ವ್ಯವಹಾರ, ಅಂದ್ರೆ ಪ್ರವರ್ತಕರು, ಅವರ ಮನೆಯವರು, ಅವರ ಬೇರೆ ಕಂಪನಿಗಳ ಜೊತೆಗಿನದ್ದು, ಒಂದು ಮಿತಿ ದಾಟಿದ್ರೆ ಷೇರುದಾರರ ಒಪ್ಪಿಗೆ ಬೇಕು. ಸಣ್ಣ ಕಂಪನಿಗೆ ಆ ಮಿತಿ ವಾರ್ಷಿಕ ವಹಿವಾಟಿನ 10%. ಆ ನಿರ್ಣಯದ ಪರವಾಗಿ ಯಾವ ಸಂಬಂಧಿತ ವ್ಯಕ್ತಿಯೂ ವೋಟ್ ಹಾಕೋ ಹಾಗಿಲ್ಲ. ಅಂದ್ರೆ ಆ 58% ಪಕ್ಕಕ್ಕೆ ಹೋಯ್ತು. ಉಳಿದ 42%ನಲ್ಲಿ ಎಷ್ಟು ವೋಟ್ ಬೀಳುತ್ತೋ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪರ ಇದ್ರೆ ಮಾತ್ರ ಪಾಸ್.

2024ರ ಮೇ ತಿಂಗಳಲ್ಲಿ ನೆಸ್ಲೆ ಇಂಡಿಯಾದಲ್ಲಿ ಇದೇ ಆಯ್ತು. ಸ್ವಿಟ್ಜರ್ಲೆಂಡ್‌ನ ಮೂಲ ಕಂಪನಿಗೆ ಕೊಡೋ ರಾಯಲ್ಟಿನ 4.5%ರಿಂದ ಹಂತ ಹಂತವಾಗಿ 5.25%ಗೆ ಏರಿಸೋಕೆ ಹೊರಟಿದ್ರು. ಮೂಲ ಕಂಪನಿ ವೋಟ್ ಹಾಕೋ ಹಾಗಿರಲಿಲ್ಲ. ಬಿದ್ದ ವೋಟಲ್ಲಿ 57% ವಿರುದ್ಧ ಬಿತ್ತು. ಕೊನೆಗೆ ಹಳೇ 4.5%ಗೇ ಒಪ್ಪಿಗೆ ಕೇಳಿ ಪಡೆದ್ರು.

ಕಡೂರು_ಜಂಕ್ಷನ್
ನೆಸ್ಲೆ ಮಾತು ಬೇರೆ ಸ್ವಾಮಿ. ಅಲ್ಲಿ ಮ್ಯೂಚುಯಲ್ ಫಂಡ್‌ಗಳಿದ್ವು, ವಿದೇಶಿ ಫಂಡ್‌ಗಳಿದ್ವು, ಹೇಗೆ ವೋಟ್ ಹಾಕಬೇಕು ಅಂತ ಹೂಡಿಕೆದಾರರಿಗೆ ಹೇಳೋ ಪ್ರಾಕ್ಸಿ ಸಲಹೆಗಾರರು ವರದಿ ಬರೆದು ಬೇಡ ಅಂದಿದ್ರು. ಮೂಡಿಗೆರೆ ಅವರ ಸಣ್ಣ ಕಂಪನಿ ಕಡೆ ಯಾವ ಫಂಡ್ ತಿರುಗಿ ನೋಡುತ್ತೆ?

ಹಾಸನದ_ಸಿಎಸ್
ಒಪ್ತೀನಿ, ಫಂಡ್ ಇರಲ್ಲ. ಆದ್ರೆ ಅಲ್ಲೇ ಇನ್ನೊಂದು ವಿಷಯ ಇದೆ. ಲೆಕ್ಕಕ್ಕೆ ಬರೋದು ಬಿದ್ದ ವೋಟು ಮಾತ್ರ. ಸಣ್ಣ ಕಂಪನಿಗಳಲ್ಲಿ ಸಾಮಾನ್ಯ ಷೇರುದಾರರಲ್ಲಿ ವೋಟ್ ಹಾಕೋರು ಬೆರಳೆಣಿಕೆ ಜನ. ಯಾರೂ ಹಾಕದೇ ಇರೋ ಕಡೆ ನೂರಿನ್ನೂರು ಷೇರಿಗೂ ತೂಕ ಇರುತ್ತೆ.

ಸಭೆ ಆದ ಎರಡು ಕೆಲಸದ ದಿನದೊಳಗೆ ಫಲಿತಾಂಶ ಎಕ್ಸ್‌ಚೇಂಜ್ ವೆಬ್‌ಸೈಟಿಗೆ ಬರಬೇಕು. ಅದರಲ್ಲಿ ಪ್ರವರ್ತಕರು, ಸಂಸ್ಥೆಗಳು, ಉಳಿದ ಸಾರ್ವಜನಿಕರು ಅಂತ ಬೇರೆ ಬೇರೆ ತೋರಿಸಿರ್ತಾರೆ. ಮೂಡಿಗೆರೆ ಅವರೇ, ಹೋದ ವರ್ಷದ್ದು ತೆಗೆದು ನೋಡಿ, ನಿಮ್ಮ ಕಂಪನಿಯಲ್ಲಿ ಎಷ್ಟು ಜನ ಎದ್ದಿದ್ದಾರೆ ಅಂತ ತಿಳಿಯುತ್ತೆ. ಹಾಗೇ ಪಾವತಿಯಾದ ಬಂಡವಾಳ ಎಷ್ಟಿದೆ ನೋಡಿ ಹೇಳಿ. 10 ಕೋಟಿ ಒಳಗಿದ್ದು ನೆಟ್‌ವರ್ತ್ 25 ಕೋಟಿ ಒಳಗಿದ್ರೆ ಷೇರುಪೇಟೆ ನಿಯಂತ್ರಕ ಸೆಬಿಯ ಆಡಳಿತ ನಿಯಮಗಳಲ್ಲಿ ಬಹುಪಾಲು ಅನ್ವಯಿಸಲ್ಲ.

ಕಡೂರು_ಜಂಕ್ಷನ್
ಇದಕ್ಕೇ ನನಗೆ ಮೈ ಉರಿಯೋದು. ಯಾರ ಕಣ್ಣೂ ಬೀಳದ ಸಣ್ಣ ಕಂಪನಿಗಳಲ್ಲೇ ದುಡ್ಡು ಹರಿದು ಹೋಗೋದು, ಅವಕ್ಕೇ ವಿನಾಯಿತಿ.

ಆಲ್ದೂರು_ಅರೇಬಿಕಾ
ಚಿಕ್ಕಮಗಳೂರು ಜಿಲ್ಲೆಯವರು ಇಷ್ಟು ಜನ ಸೇರಿ ಈ ವಿಷಯ ಮಾತಾಡ್ತಾ ಇದ್ದೀವಿ, ಕಾಫಿ ಡೇ ಹೆಸರು ಯಾರ ಬಾಯಲ್ಲೂ ಬಂದಿಲ್ಲ. ಯಾಕೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಆದ್ರೂ ಹೇಳ್ತೀನಿ.

2015ರಲ್ಲಿ ಐಪಿಒ ಬಂದಾಗ ಷೇರಿಗೆ 328 ರೂಪಾಯಿ. ನಮ್ಮೂರಲ್ಲಿ ಎಷ್ಟೋ ಜನ ಬ್ಯಾಲೆನ್ಸ್ ಶೀಟ್ ನೋಡದೆ, ನಮ್ಮ ಕಂಪನಿ ಅನ್ನೋ ಪ್ರೀತಿಗೆ ಅರ್ಜಿ ಹಾಕಿದ್ರು. 2019ರ ಜುಲೈನಲ್ಲಿ ಏನಾಯ್ತು ಅಂತ ಬರೆಯೋಕೆ ಕೈ ಬರಲ್ಲ. ಆಮೇಲೆ ವಿಚಾರಣೆ ಆಯ್ತು. 2023ರ ಜನವರಿಯಲ್ಲಿ ಸೆಬಿ ಆದೇಶ ಬಂತು: ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಕುಟುಂಬದ ಖಾಸಗಿ ಕಂಪನಿ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್‌ಗೆ ಹೋಗಿದೆ ಅಂತ. ಲಿಸ್ಟೆಡ್ ಕಂಪನಿಗೆ 26 ಕೋಟಿ ದಂಡ. ಮಧ್ಯೆ ಒಂದು ವರ್ಷಕ್ಕೂ ಹೆಚ್ಚು ಕಾಲ ಷೇರು ವಹಿವಾಟೇ ನಿಂತಿತ್ತು. ಮಾರಿ ಹೊರಗೆ ಬನ್ನಿ ಅಂತೀರಲ್ಲ ಐಜಿ ರೋಡ್ ಅವರೇ, ಆಗ ಮಾರೋಕೆ ಬಾಗಿಲೇ ಇರಲಿಲ್ಲ.

ಮಲೆನಾಡ_ಮಗಳು
ಆಲ್ದೂರು ಅಣ್ಣ, ತೀರಿಕೊಂಡವರ ಬಗ್ಗೆ ಹೀಗೆ ಅಂಕಿ ಇಟ್ಟು ಬರೆಯೋದು ಸುಲಭ. ಎಸ್ಸೆಸ್ಸೆಲ್ಸಿ ಮುಗಿಸಿ ಮನೇಲಿ ಕೂತಿದ್ದ ನಮ್ಮೂರಿನ ಹುಡುಗ್ರಿಗೆ ತರಬೇತಿ ಕೊಟ್ಟು ದೊಡ್ಡ ದೊಡ್ಡ ಊರಲ್ಲಿ ಕೆಲಸ ಕೊಟ್ಟವರು ಯಾರು? ನನ್ನ ತಮ್ಮ ಅವರಲ್ಲಿ ಒಬ್ಬ. ಅವನ ಸಂಬಳದಲ್ಲಿ ನಮ್ಮನೆ ಹೆಂಚು ಹೋಗಿ ಆರ್‌ಸಿಸಿ ಆಯ್ತು. ಸಿದ್ಧಾರ್ಥ ಸರ್ ದೇಹ ಊರಿಗೆ ಬಂದ ದಿನ ಅಂಗಡಿ ಬಾಗಿಲು ಮುಚ್ಚಿದವರು ಯಾರ ಬಲವಂತಕ್ಕೂ ಮುಚ್ಚಲಿಲ್ಲ. ಆಮೇಲೆ ಅವರ ಹೆಂಡತಿ ಮಾಳವಿಕಾ ಮೇಡಂ ಜವಾಬ್ದಾರಿ ತಗೊಂಡು, ಉಳಿದಿದ್ದ ಸಾಲ ಎಷ್ಟು ಇಳಿಸಿದ್ರು ಅದನ್ನೂ ಬರೀರಿ.

ಆಲ್ದೂರು_ಅರೇಬಿಕಾ
ತಂಗಿ, ನೀನು ಬರೆದದ್ದರಲ್ಲಿ ಒಂದಕ್ಷರ ನಾನು ಅಲ್ಲಗಳೆಯಲ್ಲ. ಅವತ್ತು ನಾನೂ ಸಾಲಲ್ಲಿ ನಿಂತಿದ್ದೆ. ಸಾಲ ಇಳಿಸಿದ್ದೂ ನಿಜ. ಮೈಂಡ್‌ಟ್ರೀ ಷೇರು ಸಿದ್ಧಾರ್ಥ ಅವರಿದ್ದಾಗಲೇ ಮಾರಿದ್ರು, ಅವರು ಹೋದ ಮೇಲೆ ಕಂಪನಿ ಟೆಕ್ ಪಾರ್ಕ್ ಮಾರಿ ಸಾಲ ತೀರಿಸ್ತು.

ನನ್ನ ಸಂಕಟ ಬೇರೆ. ಸಿದ್ಧಾರ್ಥ ಅವರು ಬರೆದಿಟ್ಟದ್ದು ಅನ್ನೋ ಆ ಪತ್ರದಲ್ಲಿ ಏನಿತ್ತು? ಆಡಿಟರ್‌ಗಳಿಗೆ, ಹಿರಿಯ ಅಧಿಕಾರಿಗಳಿಗೆ ನನ್ನ ವ್ಯವಹಾರ ಯಾವುದೂ ಗೊತ್ತಿರಲಿಲ್ಲ ಅಂತ. ಆ ಮಾತು ನಿಜ ಅಂತಾದ್ರೆ ಸ್ವತಂತ್ರ ನಿರ್ದೇಶಕರು, ಆಡಿಟ್ ಕಮಿಟಿ, ಮೂರು ತಿಂಗಳಿಗೊಂದು ವರದಿ, ಇವೆಲ್ಲ ಯಾಕಿದ್ವು? ಒಬ್ಬ ಒಳ್ಳೇ ಮನುಷ್ಯ ಸಾಲದ ಸುಳಿಗೆ ಬಿದ್ದಾಗ, ಸಾರ್ ಇಲ್ಲಿಗೆ ನಿಲ್ಲಿಸಿ ಅಂತ ಹೇಳೋ ಒಬ್ಬನೇ ಒಬ್ಬ ಆ ಬೋರ್ಡಲ್ಲಿ ಇದ್ದಿದ್ರೆ ಅವರು ಇವತ್ತು ನಮ್ಮ ಜೊತೆ ಇರ್ತಿದ್ರೇನೋ. ನಾನು ಆಡಳಿತ ಸುಧಾರಣೆ ಬೇಕು ಅಂತ ಬಡ್ಕೊಳ್ಳೋದು ಷೇರುದಾರರ ದುಡ್ಡಿಗೆ ಮಾತ್ರ ಅಲ್ಲ.

ಮಲೆನಾಡ_ಮಗಳು
ಇದನ್ನ ಒಪ್ತೀನಿ ಅಣ್ಣ.

ಲೆಕ್ಕಪತ್ರ_ಹಾಸನ
ಒಂದು ತಾಂತ್ರಿಕ ವಿಷಯ ಸೇರಿಸ್ತೀನಿ. ಆಗಿನ ನಿಯಮದಲ್ಲಿ ಲಿಸ್ಟೆಡ್ ಕಂಪನಿ ತಾನೇ ತನ್ನ ಸಂಬಂಧಿತರ ಜೊತೆ ಮಾಡಿದ ವ್ಯವಹಾರದ ಮೇಲೆ ಮಾತ್ರ ಹಿಡಿತ ಇತ್ತು. ದುಡ್ಡು ಅಂಗಸಂಸ್ಥೆಗಳಿಂದ ಪ್ರವರ್ತಕರ ಕಂಪನಿಗೆ ಹೋದ್ರೆ ತಾಯಿ ಕಂಪನಿಯ ಷೇರುದಾರರ ಮುಂದೆ ಅದು ಬರಲೇಬೇಕು ಅಂತಿರಲಿಲ್ಲ. 2021ರ ನವೆಂಬರ್‌ನಲ್ಲಿ ಸೆಬಿ ತಿದ್ದುಪಡಿ ತಂತು. 2022ರ ಏಪ್ರಿಲ್‌ನಿಂದ ಅಂಗಸಂಸ್ಥೆಗಳ ವ್ಯವಹಾರವೂ ಲೆಕ್ಕಕ್ಕೆ ಬರುತ್ತೆ. ಆಡಿಟ್ ಕಮಿಟಿಯಲ್ಲೂ ಇಂಥದ್ದಕ್ಕೆ ಒಪ್ಪಿಗೆ ಕೊಡಬೇಕಾದವರು ಸ್ವತಂತ್ರ ನಿರ್ದೇಶಕರು ಮಾತ್ರ.

ಆಡಿಟರ್‌ಗಳ ಮೇಲೆ ಕಣ್ಣಿಡೋಕೆ 2018ರಲ್ಲಿ ಎನ್‌ಎಫ್‌ಆರ್‌ಎ ಅನ್ನೋ ಪ್ರಾಧಿಕಾರ ಬಂತು. ಕಾಫಿ ಡೇ ಗುಂಪಿನ ಲೆಕ್ಕ ನೋಡಿದ ಆಡಿಟರ್‌ಗಳಿಗೂ ಅದು ದಂಡ ಹಾಕಿದೆ. ನಮ್ಮ ವೃತ್ತಿಯವರಿಗೆ ಇದು ನೋವಿನ ವಿಷಯ. ಆದ್ರೂ ಬೇಕಿತ್ತು ಅಂತಲೇ ನಾನು ಹೇಳೋದು.

ಐಜಿ_ರೋಡ್
ಒಂದು ಪ್ರಶ್ನೆ. ದುಡ್ಡು ಹೋಗಿದ್ದು ಲಿಸ್ಟೆಡ್ ಕಂಪನಿದು, ಅಂದ್ರೆ ಷೇರುದಾರರದು. ದಂಡ 26 ಕೋಟಿ ಹಾಕಿದ್ದೂ ಅದೇ ಕಂಪನಿ ಮೇಲೆ. ಮನೆ ಕಳ್ಳತನ ಆದೋನ ಹತ್ರಾನೇ ಫೈನ್ ವಸೂಲಾ? ಇದು ಯಾವ ನ್ಯಾಯ?

ಲೆಕ್ಕಪತ್ರ_ಹಾಸನ
ಆದೇಶದಲ್ಲಿ ಆ ಖಾಸಗಿ ಕಂಪನಿಯಿಂದ ಬಾಕಿಯನ್ನ ಬಡ್ಡಿ ಸಮೇತ ವಸೂಲಿ ಮಾಡಿ ಅಂತಲೂ ಇದೆ. ಆದ್ರೆ ದಂಡದ ಬಗ್ಗೆ ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಕಂಪನಿ ಮೇಲೆ ದಂಡ ಬಿದ್ರೆ ಅದನ್ನ ಕಟ್ಟೋದು ಷೇರುದಾರರೇ. ನಿರ್ಧಾರ ತಗೊಂಡ ವ್ಯಕ್ತಿ ಜೇಬಿಗೆ ಬಿಸಿ ಮುಟ್ಟದಿದ್ರೆ ಯಾವ ನಿಯಮಕ್ಕೂ ಭಯ ಇರಲ್ಲ.

ಬೇಲೂರು_ಮೇಷ್ಟ್ರು
ನಾನು ಕಾಲೇಜಿನಲ್ಲಿ ವಾಣಿಜ್ಯ ಪಾಠ ಹೇಳಿ ನಿವೃತ್ತನಾದವನು. ಕಂಪನಿಗಳು ಸುಧಾರಣೆಯನ್ನು ಹೇಗೆ ಸ್ವೀಕರಿಸುತ್ತವೆ ಎನ್ನುವುದಕ್ಕೆ ಇತಿಹಾಸವೇ ಉತ್ತರ ಕೊಡುತ್ತದೆ, ಸ್ವಲ್ಪ ಉದ್ದವಾದರೂ ಓದಿ.

1999ರಲ್ಲಿ ಕುಮಾರ ಮಂಗಲಂ ಬಿರ್ಲಾ ಸಮಿತಿ, ಅದರ ಮೇಲೆ 2000ದಲ್ಲಿ, ಕಂಪನಿಗಳು ಷೇರು ವಿನಿಮಯ ಕೇಂದ್ರದ ಜೊತೆ ಮಾಡಿಕೊಳ್ಳುತ್ತಿದ್ದ ಲಿಸ್ಟಿಂಗ್ ಒಪ್ಪಂದಕ್ಕೆ ಆಡಳಿತದ ಬಗ್ಗೆ 49ನೇ ಕಲಂ ಬಂತು. 2003ರಲ್ಲಿ ನಾರಾಯಣಮೂರ್ತಿ ಸಮಿತಿ. ಕಾಗದದ ಮೇಲೆ ನಾವು ಬಹಳ ಮುಂದಿದ್ದೆವು. ಸತ್ಯಂ ಕಂಪನಿಗೆ 2008ರಲ್ಲಿ ಉತ್ತಮ ಆಡಳಿತಕ್ಕೆಂದೇ ಗೋಲ್ಡನ್ ಪೀಕಾಕ್ ಪ್ರಶಸ್ತಿ ಸಿಕ್ಕಿತ್ತು! ಅದೇ ವರ್ಷ ಡಿಸೆಂಬರ್ 16ರಂದು, ರಾಮಲಿಂಗ ರಾಜು ಕುಟುಂಬದ ಮೇಟಾಸ್ ಕಂಪನಿಗಳನ್ನು ಸತ್ಯಂ ದುಡ್ಡಿನಲ್ಲಿ ಕೊಳ್ಳುತ್ತೇವೆ ಎಂದು ಬೋರ್ಡು ಘೋಷಿಸಿತು. ಬೋರ್ಡಿನಲ್ಲಿ ಹೆಸರಾಂತ ಪ್ರಾಧ್ಯಾಪಕರಿದ್ದರು, ಕೇಂದ್ರದ ನಿವೃತ್ತ ಸಂಪುಟ ಕಾರ್ಯದರ್ಶಿಯೊಬ್ಬರಿದ್ದರು. ಅವರು ತಡೆಯಲಿಲ್ಲ. ಹೂಡಿಕೆದಾರರು ಕೂಗೆಬ್ಬಿಸಿದ ಮೇಲೆ ಒಂದೇ ರಾತ್ರಿಯಲ್ಲಿ ಅದು ರದ್ದಾಯಿತು. 2009ರ ಜನವರಿ 7ಕ್ಕೆ ರಾಜು ತಪ್ಪೊಪ್ಪಿಗೆ ಪತ್ರ ಬಂತು. ನನ್ನ ವಿದ್ಯಾರ್ಥಿಗಳಿಗೆ ಇದನ್ನೇ ಪದೇ ಪದೇ ಹೇಳುತ್ತಿದ್ದೆ: ಬೋರ್ಡು ಮಾಡದ ಕೆಲಸವನ್ನು ಹೂಡಿಕೆದಾರರ ಸಿಟ್ಟು ಮಾಡಿತು.

ಇನ್ನು ಕಂಪನಿಗಳ ಮನಸ್ಸು. 2017ರಲ್ಲಿ ಉದಯ್ ಕೋಟಕ್ ಸಮಿತಿ ವರದಿ ಕೊಟ್ಟಿತು. ಅಧ್ಯಕ್ಷ ಸ್ಥಾನ ಮತ್ತು ಎಂಡಿ ಸ್ಥಾನ ಒಬ್ಬರಲ್ಲೇ ಇರಬಾರದು ಎಂಬುದು ಅದರ ಮುಖ್ಯ ಸಲಹೆಗಳಲ್ಲಿ ಒಂದು. ಮೊದಲ 500 ಕಂಪನಿಗಳು 2020ರ ಏಪ್ರಿಲ್‌ನೊಳಗೆ ಮಾಡಬೇಕೆಂದು ಸೆಬಿ ಹೇಳಿತು. ಉದ್ಯಮದವರ ಒತ್ತಾಯಕ್ಕೆ 2022ಕ್ಕೆ ಮುಂದೂಡಿತು. 2019ರ ಸೆಪ್ಟೆಂಬರ್‌ನಲ್ಲಿ 50.4% ಕಂಪನಿಗಳು ಪಾಲಿಸಿದ್ದವು, 2021ರ ಕೊನೆಗೆ 54%. ಎರಡು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಇಷ್ಟೇ ಚಲನೆ. 2022ರ ಫೆಬ್ರವರಿಯಲ್ಲಿ ಸೆಬಿ ಕೈಚೆಲ್ಲಿ, ಇಷ್ಟ ಇದ್ದವರು ಮಾಡಿ ಎಂದಿತು. ವರದಿ ಬರೆಯುವುದು, ಸಮಿತಿ ಮಾಡುವುದು, ತರಬೇತಿ ಕೊಡಿಸುವುದು, ಇವಕ್ಕೆಲ್ಲ ಕಂಪನಿಗಳು ಒಪ್ಪುತ್ತವೆ. ಕುರ್ಚಿಗೆ ಕೈ ಹಾಕಿದಾಗ ಮಾತ್ರ ಎದ್ದು ನಿಲ್ಲುತ್ತವೆ.

ಹೊಳೆನರಸೀಪುರ_ಘಟಕ
ಮೇಷ್ಟ್ರೇ, ನಮಸ್ಕಾರ. ಆದ್ರೆ ಎಲ್ಲ ಕಂಪನಿಯವರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ನಂದೊಂದು ಸಣ್ಣ ಘಟಕ ಇದೆ, ಲಿಸ್ಟೆಡ್ ಅಲ್ಲ. ಸಣ್ಣ ಕಂಪನಿಗಳ ಷೇರು ಮಾರೋ ಎಸ್‌ಎಂಇ ಎಕ್ಸ್‌ಚೇಂಜಿಗೆ ಹೋಗೋಣ ಅಂತ ವಿಚಾರಿಸಿ ಕೈಬಿಟ್ಟೆ.

ಮನೆ ಅಡ ಇಟ್ಟು, ಹೆಂಡತಿ ಒಡವೆ ಅಡ ಇಟ್ಟು ಕಟ್ಟಿರೋ ಕಂಪನಿ. ನಾಳೆ ಯಾರೋ ಬಂದು, ನೀನು ಎಂಡಿ ಆಗಿರು, ಅಧ್ಯಕ್ಷರಾಗಿ ನಮ್ಮ ಬಿಸಿನೆಸ್‌ನ ಹೊಸಿಲು ದಾಟದವರೊಬ್ಬರನ್ನ ಕೂರಿಸು ಅಂದ್ರೆ ಹೆಂಗೆ? ಹೊರಗಿಂದ ಬರೋ ನಿರ್ದೇಶಕರಿಗೆ ಲೇತ್ ಮಷಿನ್ ಗೊತ್ತಿಲ್ಲ, ಕೂಲಿಯವರ ಕಷ್ಟ ಗೊತ್ತಿಲ್ಲ. ವರ್ಷಕ್ಕೆ ನಾಲ್ಕು ಮೀಟಿಂಗಿಗೆ ಬಂದು ಸಿಟ್ಟಿಂಗ್ ಫೀ ತಗೊಂಡು ಹೋಗ್ತಾರೆ. ಷೇರುದಾರರೂ ಅಷ್ಟೇ. ರೇಟು ಏರ್ತಿದ್ರೆ ಆಡಳಿತದ ಬಗ್ಗೆ ಒಬ್ಬನೂ ಕೇಳಲ್ಲ. ಬಿದ್ದಾಗ ಎಲ್ಲರಿಗೂ ಗವರ್ನೆನ್ಸ್ ನೆನಪಾಗುತ್ತೆ.

ಆಲ್ದೂರು_ಅರೇಬಿಕಾ
ಕೊನೇ ಮಾತು ನೂರಕ್ಕೆ ನೂರು ನಿಜ. ಉಳಿದಿದ್ದಕ್ಕೆ ಉತ್ತರ: ಸಾರ್ವಜನಿಕರ ದುಡ್ಡು ಬೇಡ ಅಂದ್ರೆ ಯಾರೂ ನಿಮ್ಮ ಕುರ್ಚಿ ಕೇಳಲ್ಲ. ದುಡ್ಡು ಬೇಕು, ಪ್ರಶ್ನೆ ಬೇಡ ಅನ್ನೋದು ಆಗಲ್ಲ ಸ್ವಾಮಿ. ತೋಟದಲ್ಲಿ ರೈಟರ್ ಬರೆದ ಲೆಕ್ಕಾನ ರೈಟರ್ ಬಾವಮೈದುನನ ಹತ್ರ ಚೆಕ್ ಮಾಡಿಸ್ತೀರಾ?

ಹೊಳೆನರಸೀಪುರ_ಘಟಕ
ಮಗನ ಕಂಪನಿಗೆ ಸಾಲ ಕೊಡೋ ವಿಷಯದಲ್ಲಿ ನಾನು ನಿಮ್ಮ ಕಡೆನೇ. ಅದು ತಪ್ಪು, ಮಾರ್ಕೆಟ್ ಬಡ್ಡಿಗೆ ಬ್ಯಾಂಕಲ್ಲಿ ತಗೊಳ್ಳಲಿ. ಕುರ್ಚಿ ವಿಷಯದಲ್ಲಿ ಮಾತ್ರ ನನ್ನ ಮಾತು ಬಿಡಲ್ಲ. ಸೆಬಿ ಕಡ್ಡಾಯ ತೆಗೆದಿದ್ದು ಸರಿ.

ಕಳಸ_ಕಡೆಯವ
ಕುರ್ಚಿ ಬೇರೆ ಮಾಡಿದ್ರೂ ಜಗಳ ತಪ್ಪಲ್ಲ ಮಾರಾಯ್ರೆ. ಇನ್ಫೋಸಿಸ್‌ನಲ್ಲಿ 2017ರಲ್ಲಿ ಅಧ್ಯಕ್ಷರು ಬೇರೆ, ಸಿಇಒ ಬೇರೆ. ಪನಾಯ ಅನ್ನೋ ಕಂಪನಿಯ ಖರೀದಿ, ಹಣಕಾಸು ನೋಡ್ಕೊಂಡಿದ್ದ ಹಳೇ ಸಿಎಫ್‌ಒಗೆ ಕೊಡೋಕೆ ಒಪ್ಪಿದ ಹಣ, ಎಲ್ಲ ಬೀದಿಗೆ ಬಂತು. ಸಿಇಒ ಸಿಕ್ಕಾ ರಾಜೀನಾಮೆ, ನಿಲೇಕಣಿ ವಾಪಸ್.

ಐಜಿ_ರೋಡ್
ಇನ್ಫೋಸಿಸ್ ಕಟ್ಟಿದ ನಾರಾಯಣಮೂರ್ತಿಯವರು ಬೋರ್ಡ್ ಬಗ್ಗೆ ಅಷ್ಟು ಬಹಿರಂಗವಾಗಿ ಮಾತಾಡಬಾರದಿತ್ತು. ಸಿಕ್ಕಾ ಹೋದ ದಿನ ಷೇರು ಬಿದ್ದು ಸಣ್ಣೋರಿಗೆ ನಷ್ಟ.

ಕಡೂರು_ಜಂಕ್ಷನ್
ಮಾತಾಡದೆ ಇದ್ದ ಕಡೆ ಏನಾಯ್ತು ಅಂತ ಮೇಲೆ ಓದಿದಿರಲ್ಲ. ಮಾತಾಡಿದ್ದೇ ಸರಿ.

ಮಲೆನಾಡ_ಮಗಳು
ಕರ್ಣಾಟಕ ಬ್ಯಾಂಕ್ ನೋಡಿ. ಮಲೆನಾಡು, ಕರಾವಳಿ ಕಡೆ ಆ ಷೇರು ಇರೋ ಮನೆಗಳು ಕಮ್ಮಿ ಇಲ್ಲ. ಅಲ್ಲಿ ಪ್ರವರ್ತಕರೇ ಇಲ್ಲ. 2025ರಲ್ಲಿ ಆಡಿಟರ್‌ಗಳು, ಪೂರ್ಣಾವಧಿ ನಿರ್ದೇಶಕರು ತಮ್ಮ ಅಧಿಕಾರ ಮೀರಿ 1.53 ಕೋಟಿ ಖರ್ಚು ಮಾಡಿದ್ದಾರೆ, ಬೋರ್ಡ್ ಅದಕ್ಕೆ ಒಪ್ಪಿಲ್ಲ ಅಂತ ವರದಿಯಲ್ಲೇ ಬರೆದ್ರು. ಜೂನ್‌ನಲ್ಲಿ ಎಂಡಿ, ಕಾರ್ಯನಿರ್ವಾಹಕ ನಿರ್ದೇಶಕರು ಇಬ್ಬರೂ ವೈಯಕ್ತಿಕ ಕಾರಣ ಕೊಟ್ಟು ರಾಜೀನಾಮೆ ಕೊಟ್ರು. ಅಷ್ಟು ದೊಡ್ಡ ಬ್ಯಾಂಕಿಗೆ ಒಂದೂವರೆ ಕೋಟಿ ಏನೂ ಅಲ್ಲ. ಆದ್ರೂ ಬರೆದ್ರಲ್ಲ! ಹಾಗೆ ಬರೆಯೋ ಆಡಿಟರ್ ಎಲ್ಲ ಕಡೆ ಇರಬೇಕು.

ಲೆಕ್ಕಪತ್ರ_ಹಾಸನ
ಚೆನ್ನಾಗಿ ಹೇಳಿದ್ರಿ.

ಕಳಸ_ಕಡೆಯವ
ವಿಷಯ ಬೇರೆ, ಕ್ಷಮಿಸಿ. ನಮ್ಮಜ್ಜನ ಪೆಟ್ಟಿಗೆಯಲ್ಲಿ ಕನ್ಸಾಲಿಡೇಟೆಡ್ ಕಾಫಿ ಅನ್ನೋ ಕಂಪನಿಯ ಕಾಗದದ ಷೇರು ಸಿಕ್ಕಿವೆ. ಒಲೆಗೆ ಹಾಕೋದಾ, ಏನಾದ್ರೂ ಬೆಲೆ ಇದೆಯಾ?

ಹಾಸನದ_ಸಿಎಸ್
ಒಲೆ ಹತ್ರಾನೂ ತಗೊಂಡು ಹೋಗಬೇಡಿ! ಅದೇ ಆಮೇಲೆ ಟಾಟಾ ಕಾಫಿ ಆಯ್ತು. 2024ರ ಜನವರಿ 1ಕ್ಕೆ ಅದು ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್ ಜೊತೆ ಸೇರಿದಾಗ 10 ಷೇರಿಗೆ 3 ಅಂತ ಲೆಕ್ಕ ಕೊಟ್ರು. ಏಳು ವರ್ಷ ಸತತ ಡಿವಿಡೆಂಡ್ ತಗೊಳ್ಳದೆ ಇದ್ರೆ ಷೇರು ಸರ್ಕಾರದ ಐಇಪಿಎಫ್ ನಿಧಿಗೆ ಹೋಗಿರುತ್ತೆ, ಹೋದ್ರೂ ವಾಪಸ್ ಪಡೆಯಬಹುದು. ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷ, ಫೋಲಿಯೋ ನಂಬರ್ ಹಿಡ್ಕೊಂಡು ಮೊದಲು ಕಂಪನಿಯ ಷೇರು ದಾಖಲೆ ಇಡೋ ರಿಜಿಸ್ಟ್ರಾರ್‌ಗೆ ಬರೀರಿ, ಆಮೇಲೆ ಐಇಪಿಎಫ್-5 ಫಾರ್ಮ್. ಕಮಿಷನ್ ಕೇಳೋ ಏಜೆಂಟರ ಕೈಗೆ ಮೂಲ ಪ್ರತಿ ಕೊಡಬೇಡಿ.

ಮೂಡಿಗೆರೆ_ತೋಟ
ಎಲ್ಲರಿಗೂ ಧನ್ಯವಾದ. ಸಿಎಸ್ ಅವರು ಹೇಳಿದ ಹಾಗೆ ನೋಡಿದೆ. ಪಾವತಿಯಾದ ಬಂಡವಾಳ 10 ಕೋಟಿಗಿಂತ ಜಾಸ್ತಿ ಇದೆ, ಹಾಗಾಗಿ ನಿಯಮ ಅನ್ವಯಿಸುತ್ತೆ. ಹೋದ ವರ್ಷ ಸಾರ್ವಜನಿಕರಲ್ಲಿ ವೋಟ್ ಹಾಕಿದವರು ನಿಜಕ್ಕೂ ಬೆರಳೆಣಿಕೆ.

ಎರಡು ಪ್ರಶ್ನೆ. ನೋಟಿಸ್‌ನ ವಿವರಣೆಯಲ್ಲಿ ಮಗನ ಕಂಪನಿಗೆ ಕೊಡೋ ಸಾಲದ ಬಡ್ಡಿ ಪರಸ್ಪರ ಒಪ್ಪಿದಂತೆ ಅಂತಿದೆ, ದರ ಇಲ್ಲ. ಹೀಗೆ ಬರೆಯಬಹುದಾ? ಸ್ವತಂತ್ರ ನಿರ್ದೇಶಕರ ನಿರ್ಣಯದಲ್ಲೂ ಪ್ರವರ್ತಕರ ವೋಟು ಪಕ್ಕಕ್ಕೆ ಹೋಗುತ್ತಾ?

ಹಾಸನದ_ಸಿಎಸ್
ಬಡ್ಡಿ ದರ, ಅವಧಿ, ಭದ್ರತೆ, ಆ ದುಡ್ಡು ಯಾವುದಕ್ಕೆ, ಕಂಪನಿಗೆ ಇದರಿಂದ ಏನು ಲಾಭ, ಇವೆಲ್ಲ ಷೇರುದಾರರ ಮುಂದೆ ಇಡಬೇಕು. ಕಂಪನಿ ಸೆಕ್ರೆಟರಿಗೆ ಇಮೇಲ್ ಹಾಕಿ, ಡಿಮ್ಯಾಟ್ ನಂಬರ್ ಬರೆದು. ಎಜಿಎಂನಲ್ಲಿ ಮಾತಾಡೋಕೆ ಸ್ಪೀಕರ್ ಆಗಿ ನೋಂದಾಯಿಸಿ. ವಿಡಿಯೋ ಕಾನ್ಫರೆನ್ಸ್ ಆಗಿದ್ರೆ ಮೂಡಿಗೆರೆಯಿಂದಲೇ ಕೇಳಬಹುದು. ಒಳಗಿರೋನಾಗಿ ಹೇಳ್ತೀನಿ, ಬರಹದಲ್ಲಿ ಬಂದ ಒಂದು ಪ್ರಶ್ನೆಗೆ ನಾವು ಹೆದರೋ ಅಷ್ಟು ಯಾವ ಸುತ್ತೋಲೆಗೂ ಹೆದರಲ್ಲ. ಅದನ್ನ ಬೋರ್ಡ್ ಮುಂದೆ ಇಡೋಕೆ ನಮಗೂ ಒಂದು ನೆಪ ಸಿಗುತ್ತೆ. ಎಷ್ಟೋ ಸಲ ನಮ್ಮ ಮನಸ್ಸಲ್ಲೂ ಅದೇ ಪ್ರಶ್ನೆ ಇರುತ್ತೆ, ಕೇಳೋ ಸ್ಥಾನದಲ್ಲಿ ನಾವಿರಲ್ಲ.

ಸ್ವತಂತ್ರ ನಿರ್ದೇಶಕರ ವಿಷಯದಲ್ಲಿ ಪ್ರವರ್ತಕರೂ ವೋಟ್ ಹಾಕ್ತಾರೆ. ಆದ್ರೆ ವಿಶೇಷ ನಿರ್ಣಯ, 75% ಬೇಕು. 58% ಒಂದರಿಂದಲೇ ಆಗಲ್ಲ, ಎದುರು ಸಾಕಷ್ಟು ವೋಟು ಬಿದ್ರೆ.

ಲೆಕ್ಕಪತ್ರ_ಹಾಸನ
ಸಣ್ಣ ತಿದ್ದುಪಡಿ. 2022ರ ನವೆಂಬರ್‌ನಿಂದ ಇನ್ನೊಂದು ದಾರಿ ಇದೆ. ಆದ್ರೆ ಅದು ಮೊದಲ ನೇಮಕಕ್ಕೆ ಮಾತ್ರ: 75% ಬರದೇ ಇದ್ರೂ, ಒಟ್ಟು ವೋಟಲ್ಲೂ ಸಾರ್ವಜನಿಕರ ವೋಟಲ್ಲೂ ಪರ ಹೆಚ್ಚಿದ್ರೆ ನೇಮಕ ಆಗುತ್ತೆ. ಎರಡನೇ ಅವಧಿಗೆ ಕಂಪನಿ ಕಾಯ್ದೆಯೇ ವಿಶೇಷ ನಿರ್ಣಯ ಕೇಳುತ್ತೆ, ಹಾಗಾಗಿ ಮೂಡಿಗೆರೆ ಅವರಿಗೆ 75% ಲೆಕ್ಕವೇ.

ಕಡೂರು_ಜಂಕ್ಷನ್
75% ಲೆಕ್ಕ ಎಷ್ಟು ಬಿಗಿ ಅನ್ನೋದಕ್ಕೆ 2021ರ ಐಷರ್ ಮೋಟರ್ಸ್. ಮುಳ್ಳಯ್ಯನಗಿರಿ ರಸ್ತೆ ತುಂಬಾ ಓಡಾಡೋ ಬುಲೆಟ್ ಕಂಪನಿ. ಸಿದ್ಧಾರ್ಥ ಲಾಲ್ ಮರುನೇಮಕಾನೂ ಸಂಬಳ ಏರಿಕೆನೂ ಒಂದೇ ನಿರ್ಣಯದಲ್ಲಿ ಕಟ್ಟಿ ತಂದ್ರು. 73% ಪರ ಬಂದ್ರೂ ಬಿದ್ದೋಯ್ತು. ಅವರನ್ನ ಯಾರೂ ಬೇಡ ಅಂದಿರಲಿಲ್ಲ, ಸಂಬಳ ಜಾಸ್ತಿಯಾಯ್ತು ಅಂದಿದ್ರು. ಸಂಬಳದ ಮಿತಿ ಇಳಿಸಿ ಮತ್ತೆ ತಂದಾಗ ಪಾಸ್.

ಹೊಳೆನರಸೀಪುರ_ಘಟಕ
ಇದು ನ್ಯಾಯವಾದ ವಿರೋಧ. ಇಂಥದ್ದಕ್ಕೆ ನನ್ನ ತಕರಾರಿಲ್ಲ.

ಬೇಲೂರು_ಮೇಷ್ಟ್ರು
ಮ್ಯೂಚುಯಲ್ ಫಂಡ್‌ಗಳು ಈಗ ಎಲ್ಲ ನಿರ್ಣಯಕ್ಕೂ ವೋಟ್ ಹಾಕಲೇಬೇಕು, 2022ರ ಏಪ್ರಿಲ್‌ನಿಂದ ಕಡ್ಡಾಯ. ಹೇಗೆ ಹಾಕಿದರು, ಏಕೆ ಹಾಕಿದರು ಎಂದು ವೆಬ್‌ಸೈಟಿನಲ್ಲಿ ಪ್ರಕಟಿಸಬೇಕು. ಎಸ್‌ಐಪಿ ಕಟ್ಟುವವರು ಒಮ್ಮೆ ತೆರೆದು ಓದಿ. ನಿಮ್ಮ ಹೆಸರಿನಲ್ಲಿ ಬೀಳುವ ವೋಟು ಅದು.

ಮೂಡಿಗೆರೆ_ತೋಟ
ಸಭೆ ಆಯ್ತು, ಸ್ಪೀಕರ್ ಆಗಿ ಮಾತಾಡಿದೆ, ಕನ್ನಡದಲ್ಲೇ. ಬಡ್ಡಿ ದರ ಕೇಳಿದೆ. ಅಧ್ಯಕ್ಷರು ಬ್ಯಾಂಕ್ ದರಕ್ಕಿಂತ ಕಮ್ಮಿ ಇರಲ್ಲ ಅಂದ್ರು. ಅದನ್ನ ಸಭೆಯ ನಡಾವಳಿಯಲ್ಲಿ ಬರೆಸಿ ಅಂತ ಕೇಳಿದೆ, ಆಗಲಿ ಅಂದ್ರು. ಮೊದಲ ನಿರ್ಣಯ ಪಾಸ್ ಆಗಿದೆ, ಆದ್ರೆ ಸಾರ್ವಜನಿಕರ ವಿರೋಧದ ವೋಟು ಹೋದ ವರ್ಷಕ್ಕಿಂತ ತುಂಬಾ ಜಾಸ್ತಿ. ಉಳಿದೆರಡು ಸಲೀಸಾಗಿ ಪಾಸ್.

ಐಜಿ_ರೋಡ್
ನಾನು ಮೊದಲೇ ಹೇಳಿದ್ದೆ, ಪಾಸ್ ಆಗೇ ಆಗುತ್ತೆ ಅಂತ.

ಹಾಸನದ_ಸಿಎಸ್
ಪಾಸ್ ಆಯ್ತು, ಜೊತೆಗೆ ದರದ ಮಾತು ದಾಖಲೆಗೆ ಬಂತು. ನೋಟಿಸ್‌ನಲ್ಲಿ ಇಲ್ಲದ್ದು ಅದು. ಇನ್ಮೇಲೆ ಆರು ತಿಂಗಳಿಗೊಮ್ಮೆ ಸಂಬಂಧಿತರ ವ್ಯವಹಾರದ ವಿವರ ಕಂಪನಿ ಎಕ್ಸ್‌ಚೇಂಜಿಗೆ ಕೊಡಬೇಕು, ಅದರಲ್ಲಿ ಸಾಲದ ಬಡ್ಡಿ ದರದ ಕಾಲಂ ಇದೆ. ಅಧ್ಯಕ್ಷರ ಮಾತಿಗೂ ಅದಕ್ಕೂ ತಾಳೆ ನೋಡಿ. ತಾಳೆ ಆಗದಿದ್ರೆ ಮೊದಲು ಕಂಪನಿಗೆ ಬರೀರಿ, ಉತ್ತರ ಬರದಿದ್ರೆ ಸೆಬಿಯ ದೂರು ಜಾಲತಾಣ ಸ್ಕೋರ್ಸ್‌ನಲ್ಲಿ ದೂರು ಕೊಡಿ.

ಸಕಲೇಶಪುರ_ಮೆಣಸು
ಇಲ್ಲೀವರೆಗೆ ಓದ್ತಾ ಬಂದೆ. ನಮ್ಮದು ಲಿಸ್ಟೆಡ್ ಕಂಪನಿ ಅಲ್ಲ, ಬೆಳೆಗಾರರೇ ಸೇರಿ ಮಾಡಿದ ರೈತ ಉತ್ಪಾದಕರ ಕಂಪನಿ. ಕಾಫಿ, ಮೆಣಸು ಒಟ್ಟಿಗೆ ಮಾರೋಣ ಅಂತ ಷೇರು ಹಾಕಿದ್ವಿ. ಎಜಿಎಂ ಆಗಿದೆಯಂತೆ, ನನಗೆ ನೋಟಿಸೇ ಬಂದಿಲ್ಲ. ಗೊಬ್ಬರ ಪೂರ್ತಿ ಒಬ್ಬ ನಿರ್ದೇಶಕರ ಅಂಗಡಿಯಿಂದಲೇ ಬರುತ್ತೆ. ಕೇಳಿದ್ರೆ ನಂದು ಬರೀ ಹತ್ತು ಷೇರು ಅಂತಾರೆ.

ಲೆಕ್ಕಪತ್ರ_ಹಾಸನ
ಹತ್ತು ಷೇರಾದರೂ ಸಾವಿರ ಷೇರಾದರೂ, ಬೆಳೆಗಾರರು ಸೇರಿ ಮಾಡಿದ ಉತ್ಪಾದಕರ ಕಂಪನಿಯಲ್ಲಿ ಒಬ್ಬ ಸದಸ್ಯನಿಗೆ ಒಂದೇ ವೋಟು. ನಿಮಗೂ ಆ ನಿರ್ದೇಶಕರಿಗೂ ಸಮ. ಎಜಿಎಂಗೆ ಕನಿಷ್ಠ 14 ದಿನ ಮುಂಚೆ ನೋಟಿಸ್ ಕೊಡಬೇಕು, ಜೊತೆಗೆ ಆಡಿಟ್ ಆದ ಲೆಕ್ಕ, ಹಿಂದಿನ ಸಭೆಯ ನಡಾವಳಿ. ಕೋರಂ ಅಂದ್ರೆ ಒಟ್ಟು ಸದಸ್ಯರಲ್ಲಿ ನಾಲ್ಕನೇ ಒಂದು ಭಾಗ, ಆರ್ಟಿಕಲ್ಸ್‌ನಲ್ಲಿ ಅದಕ್ಕಿಂತ ಹೆಚ್ಚು ಬರೆದಿಲ್ಲದಿದ್ರೆ. ಅಷ್ಟು ಜನ ಬಂದಿದ್ರಾ ಅಂತ ಹಾಜರಿ ಪುಸ್ತಕ ಕೇಳಿ.

ಸಕಲೇಶಪುರ_ಮೆಣಸು
ನಾಲ್ಕನೇ ಒಂದು ಭಾಗ ಬಂದಿರೋ ಸಾಧ್ಯತೆನೇ ಇಲ್ಲ, ಅವತ್ತು ಸಂತೆ ದಿನ. ಗೊಬ್ಬರದ ವಿಷಯ?

ಲೆಕ್ಕಪತ್ರ_ಹಾಸನ
ಅಂಗಡಿ ನಿರ್ದೇಶಕರದು ಅನ್ನೋದನ್ನ ಅವರು ಬೋರ್ಡ್ ಮೀಟಿಂಗಲ್ಲಿ ಹೇಳಿ, ಆ ತೀರ್ಮಾನದಿಂದ ದೂರ ಉಳಿದಿದ್ದಾರಾ ಅಂತ ಕೇಳಿ. ಬೇರೆ ಅಂಗಡಿಗಳಿಂದ ಕೊಟೇಶನ್ ತರಿಸಿದ್ರಾ ಅಂತಲೂ ಕೇಳಿ. ಬಾಯಲ್ಲಿ ಬೇಡ, ಬರೆದು ಕೊಟ್ಟು ಹಿಂಬರಹ ತಗೊಳ್ಳಿ. ನಾಲ್ಕೈದು ಸದಸ್ಯರು ಒಟ್ಟಿಗೆ ಸಹಿ ಹಾಕಿದ್ರೆ ಒಳ್ಳೇದು.

ಆಲ್ದೂರು_ಅರೇಬಿಕಾ
ಪತ್ರ ಬರೆಯೋಕೆ ಸಹಾಯ ಬೇಕಂದ್ರೆ ಹೇಳಿ, ನಾನು ಸೇರ್ತೀನಿ.

ಸಕಲೇಶಪುರ_ಮೆಣಸು
ಬೇಕು ಸರ್. ಪಕ್ಕದ ತೋಟದವರು ಇಬ್ಬರು ಸಹಿಗೆ ಒಪ್ಪಿದ್ದಾರೆ. ಕರಡು ಮಾಡಿ ಇವತ್ತು ರಾತ್ರಿ ಇಲ್ಲೇ ಹಾಕ್ತೀನಿ, ತಿದ್ದಿ ಕೊಡಿ.